ಯಾರ ಆಯುಷ್ಯದ ಲೆಕ್ಕ?

ಐವತ್ತು ದಾಟಿದ ನಾಲ್ಕು ಜನ ಕನ್ನಡಿಗರು ಮುಂಬಯಿಯಲ್ಲಿ ಒಂದೆಡೆ ಸೇರಿದರೆಂದರೆ ಮಾತು ಬಹುಬೇಗ ನಿವೃತ್ತಿಯ ಕಡೆಗೆ ಹೊರಳುತ್ತದೆ. "ಇನ್ನು ಸಾಕು ಮಾರಾಯ್ರೆ, ಬಿಟ್ಟುಬಿಡುವ ಅಂತಿದ್ದೇನೆ" ಎನ್ನುತ್ತಾರೆ ಒಬ್ಬರು. "ಎಷ್ಟು ಬರ್ತದೆ?" ಎನ್ನುತ್ತಾರೆ ಮತ್ತೊಬ್ಬರು. ಅಲ್ಲಿಂದ ಮುಂದೆ ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ, ರಜೆಯ ಹಣ, ಕಂಪೆನಿ ಕೊಡುವ ಪರಿಹಾರ ಎಲ್ಲವನ್ನೂ ಬೆರಳ ತುದಿಯಲ್ಲಿ ಕೂಡಿಸಿ ಒಂದು ಮೊತ್ತ ಹೇಳುತ್ತಾರೆ. ಮೊತ್ತ ದೊಡ್ಡದಿದ್ದರೆ "ಮತ್ತೇನು, ರಾಜನ ಹಾಗೆ ಇರಬಹುದು" ಎಂಬ ತೀರ್ಪು ಅಲ್ಲಿಯೇ ಹೊರಬೀಳುತ್ತದೆ. ಎಷ್ಟು ಬರುತ್ತದೆ ಎಂಬ ಪ್ರಶ್ನೆ ಎಲ್ಲೆಡೆಯೂ ಕೇಳಿಬರುತ್ತದೆ. ಅದು ಎಷ್ಟು ಕಾಲಕ್ಕೆ, ಯಾರ ಹೊಟ್ಟೆಗೆ ಎಂಬ ಪ್ರಶ್ನೆ ಕೇಳಿಬರುವುದು ಬಲು ಅಪರೂಪ.

ನನ್ನ ವಾದ ಇಷ್ಟೇ. ಅವಧಿಗೆ ಮೊದಲೇ ನಿವೃತ್ತಿಯಾಗುವ ಶಕ್ತಿ ಒಂದು ಸಂಸಾರಕ್ಕೆ ಇದೆಯೋ ಇಲ್ಲವೋ ಎಂಬುದನ್ನು ಗಂಡಸಿನ ದಣಿವನ್ನು ನೋಡಿ ನಿರ್ಧರಿಸಕೂಡದು. ಆತನ ಹೆಂಡತಿಯ ಆಯುಷ್ಯವನ್ನು ನೋಡಿ ನಿರ್ಧರಿಸಬೇಕು. ಏಕೆಂದರೆ ಆ ಗಂಟಿನಲ್ಲಿ ಕೊನೆಯವರೆಗೆ ಉಣ್ಣಬೇಕಾದವಳು ಆಕೆ. ಗಂಟು ಕರಗಿದ ದಿನ ಮನೆಯಲ್ಲಿ ಉಳಿದಿರುವವಳೂ ಬಹುಮಟ್ಟಿಗೆ ಆಕೆಯೇ. ಹೀಗಿದ್ದೂ ಈ ಲೆಕ್ಕ ಹಾಕುವಾಗ ಆಕೆ ಅಡಿಗೆಮನೆಯಲ್ಲಿ ಇರುತ್ತಾಳೆ. ಸಂಗತಿ ತೀರ್ಮಾನವಾದ ಮೇಲೆ ಚಹಾದ ಜೊತೆಗೆ ಆಕೆಗೆ ಸುದ್ದಿ ತಿಳಿಸಲಾಗುತ್ತದೆ.

ದಣಿವು ಸುಳ್ಳೆಂದು ನಾನು ಹೇಳುತ್ತಿಲ್ಲ. ವಿರಾರಿನಿಂದಲೋ ಕಲ್ಯಾಣದಿಂದಲೋ ಮೂವತ್ತು ವರ್ಷ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಹೋಗಿಬಂದವನ ಸೊಂಟಕ್ಕೆ ದಣಿವು ಏನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮವರಲ್ಲಿ ಎಷ್ಟೋ ಮಂದಿ ಈ ನಗರಕ್ಕೆ ಬಂದದ್ದು ಬ್ಯಾಂಕಿನ ನೌಕರಿಯ ಬೆನ್ನು ಹಿಡಿದು. ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ ಆ ಬ್ಯಾಂಕುಗಳ ಪೈಕಿ ವಿಜಯ ಬ್ಯಾಂಕಿನ ಹೆಸರು 2019ರ ಏಪ್ರಿಲ್ ಒಂದರಂದು ಅಳಿಯಿತು. ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳ ಹೆಸರು ಮರುವರ್ಷ ಅದೇ ತಾರೀಖಿನಂದು ಅಳಿಯಿತು. ತನ್ನದೆಂದು ತಿಳಿದ ಮನೆಯಲ್ಲಿ ಹಠಾತ್ತನೆ ಅತಿಥಿಯಾದವನಿಗೆ ನೌಕರಿ ಬೇಸರ ಬಂದರೆ ಆಶ್ಚರ್ಯವಿಲ್ಲ. ಖಾಸಗಿ ಕಂಪೆನಿಯಲ್ಲಿರುವವನ ಪಾಡು ಬೇರೆ: ಮಗನ ವಯಸ್ಸಿನ ಮ್ಯಾನೇಜರು, ರಾತ್ರಿ ಹನ್ನೊಂದಕ್ಕೂ ಬಾಯಿಮುಚ್ಚದ ಮೊಬೈಲು. ಬಿಡಬೇಕೆನಿಸುವುದು ಸಹಜ. ಆದರೆ ಬಿಡಬೇಕೆನಿಸುವುದು ಬೇರೆ, ಬಿಡಲು ಕೈಲಾಗುವುದು ಬೇರೆ. ಮೊದಲನೆಯದು ಮನಸ್ಸಿನ ಮಾತು, ಎರಡನೆಯದು ಗಣಿತ. ಮನಸ್ಸಿನ ಮಾತಿಗೆ ಗಣಿತದ ಅಂಗಿ ತೊಡಿಸಿ ಮನೆಯವರ ಕಣ್ಣು ಕಟ್ಟುವುದನ್ನು ಮಾತ್ರ ನಾನು ವಿರೋಧಿಸುತ್ತೇನೆ.

ಈ ಕಣ್ಕಟ್ಟು ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಇತಿಹಾಸವೇ ಇದೆ. 2000ದ ಕೊನೆಯಿಂದ 2001ರವರೆಗೆ ಸರಕಾರಿ ರಂಗದ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. ಹದಿನೈದು ವರ್ಷದ ಸೇವೆಯೋ ನಲವತ್ತು ವರ್ಷದ ವಯಸ್ಸೋ ಆಗಿದ್ದರೆ ಸಾಕು. ಸೇವೆಯ ಪ್ರತಿ ವರ್ಷಕ್ಕೆ ಅರವತ್ತು ದಿನದ ಸಂಬಳ, ಅಥವಾ ಉಳಿದ ಸೇವಾವಧಿಯ ಸಂಬಳ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಪರಿಹಾರ. ದೇಶದಾದ್ಯಂತ ಒಂದು ಲಕ್ಷದಷ್ಟು ಜನ ಅದನ್ನು ಸ್ವೀಕರಿಸಿ ಹೊರಬಂದರು. ಅಂದು ಮನೆಮನೆಗಳಲ್ಲಿ ಹಾಕಿದ ಲೆಕ್ಕವೆಲ್ಲ ಅಂದಿನ ಬಡ್ಡಿದರದ ಮೇಲೆ ನಿಂತಿತ್ತು. ಆ ಬಡ್ಡಿ ಏನಾಯಿತು? ಸಾರ್ವಜನಿಕ ಭವಿಷ್ಯನಿಧಿಯ ದರವನ್ನೇ ದಿಕ್ಸೂಚಿಯಾಗಿ ಹಿಡಿಯೋಣ. 1986ರಿಂದ 2000ದ ಜನವರಿಯವರೆಗೆ ಅದು ಶೇಕಡ 12 ಇತ್ತು. ಆ ತಿಂಗಳಲ್ಲಿ 11ಕ್ಕೆ ಇಳಿಯಿತು. 2001ರ ಮಾರ್ಚಿನಲ್ಲಿ 9.5, 2002ರಲ್ಲಿ 9, 2003ರಲ್ಲಿ 8. ಮೂರು ವರ್ಷ ತುಂಬುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಬಡ್ಡಿ ಮಾಯವಾಯಿತು. 2020ರ ಏಪ್ರಿಲಿನಲ್ಲಿ ಅದು 7.1ಕ್ಕೆ ಬಂತು. ಹತ್ತು ಲಕ್ಷಕ್ಕೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಎಂದು ಕನಸು ಕಂಡವನ ಕೈಗೆ ಎಂಬತ್ತು ಸಾವಿರ ಬಂದರೆ, ಅಂಗಡಿಯ ಅಕ್ಕಿಯ ಬೆಲೆಯೇನು ಅದೇ ಪ್ರಮಾಣದಲ್ಲಿ ಇಳಿಯಿತೇ? ಬಡ್ಡಿ ಯಾವತ್ತೂ ಯಾರ ಮನೆಯ ಆಳಲ್ಲ.

ಅದೇ ಕಥೆಯ ಇನ್ನೊಂದು ಅಧ್ಯಾಯ 2019ರ ನವೆಂಬರಿನಲ್ಲಿ ದೂರವಾಣಿ ಇಲಾಖೆಯ ಸಂಸ್ಥೆಗಳಲ್ಲಿ ನಡೆಯಿತು. ಐವತ್ತು ತುಂಬಿದವರಿಗೆ ಯೋಜನೆ. ಆದ ಸೇವೆಯ ವರ್ಷಕ್ಕೆ 35 ದಿನ, ಉಳಿದ ಸೇವೆಯ ವರ್ಷಕ್ಕೆ 25 ದಿನದ ಸಂಬಳ. ಬಿ.ಎಸ್.ಎನ್.ಎಲ್.ನಿಂದ 78 ಸಾವಿರಕ್ಕೂ ಹೆಚ್ಚು, ಮುಂಬಯಿ ಮತ್ತು ದಿಲ್ಲಿಯ ಎಂ.ಟಿ.ಎನ್.ಎಲ್.ನಿಂದ 14 ಸಾವಿರಕ್ಕೂ ಹೆಚ್ಚು ಜನ 2020ರ ಜನವರಿ 31ರಂದು ಒಂದೇ ದಿನ ಮನೆಗೆ ನಡೆದರು. ಅವರಲ್ಲಿ ಹಲವರಿಗೆ ಅದು ನಿಜವಾಗಿ ಆಯ್ಕೆಯಾಗಿರಲಿಲ್ಲ. ಸಂಸ್ಥೆಯೇ ಮುಳುಗುತ್ತಿದ್ದಾಗ ದೋಣಿ ಹತ್ತಿದವರನ್ನು ತಪ್ಪೆನ್ನಲಾಗದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೋವಿಡ್ ಬಂದು ನಗರಕ್ಕೆ ನಗರವೇ ಬೀಗ ಹಾಕಿಕೊಂಡಿತು. ಅದೇ ಮಾರ್ಚಿನಲ್ಲಿ ರೈಲ್ವೆ ಹಿರಿಯ ನಾಗರಿಕರ ರಿಯಾಯಿತಿಯನ್ನೂ ಹಿಂತೆಗೆದುಕೊಂಡಿತು. ನಿವೃತ್ತನ ಲೆಕ್ಕದ ಚೀಟಿಯಲ್ಲಿ ಇಂಥ ಯಾವುದಕ್ಕೂ ಸಾಲು ಇರುವುದಿಲ್ಲ.

ಈಗ ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಡೊಂಬಿವಿಲಿಯಲ್ಲಿ ಸ್ವಂತ ಮನೆ ಇರುವ ಒಂದು ಸಂಸಾರ ಎಂದಿಟ್ಟುಕೊಳ್ಳಿ. ಸಾಲ ತೀರಿದೆ. ಗಂಡನಿಗೆ 50, ಹೆಂಡತಿಗೆ 45. ತಿಂಗಳ ಖರ್ಚು 50 ಸಾವಿರ, ಅಂದರೆ ವರ್ಷಕ್ಕೆ 6 ಲಕ್ಷ. ನೌಕರಿ ಬಿಟ್ಟರೆ ಎಲ್ಲ ಸೇರಿ ಕೈಗೆ ಒಂದು ಕೋಟಿ ಬರುತ್ತದೆ. ಒಂದು ಕೋಟಿ! ಕೇಳುವುದಕ್ಕೇ ಎಷ್ಟು ಇಂಪು. ಬ್ಯಾಂಕಿನಲ್ಲಿ ಶೇಕಡ 7ರಂತೆ ಠೇವಣಿ ಇಟ್ಟರೆ ವರ್ಷಕ್ಕೆ 7 ಲಕ್ಷ, ತಿಂಗಳಿಗೆ 58 ಸಾವಿರದ ಚಿಲ್ಲರೆ. ಖರ್ಚು ಕಳೆದು ಎಂಟು ಸಾವಿರ ಮಿಗುತ್ತದೆ. ಇಲ್ಲಿಗೆ ಗಂಡಸರ ಲೆಕ್ಕ ಮುಗಿಯುತ್ತದೆ. ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಆದರೆ ಬೆಲೆಗಳು ಮಡಿಸಿಟ್ಟ ಚೀಟಿಯಲ್ಲ. ವರ್ಷಕ್ಕೆ ಶೇಕಡ 6ರಂತೆ ಏರಿದರೂ ಖರ್ಚು ಹನ್ನೆರಡು ವರ್ಷಕ್ಕೆ ಇಮ್ಮಡಿ, ಇಪ್ಪತ್ತನಾಲ್ಕು ವರ್ಷಕ್ಕೆ ನಾಲ್ಮಡಿ. ನಮ್ಮ ಸಂಸಾರದ ಖರ್ಚು ನಾಲ್ಕನೆಯ ವರ್ಷಕ್ಕೇ ತಿಂಗಳಿಗೆ 59,550 ರೂಪಾಯಿ ಆಗಿ ಮೊದಲಿನ ಬಡ್ಡಿಯನ್ನು ದಾಟಿತು. ಆರಂಭದ ವರ್ಷಗಳಲ್ಲಿ ಮಿಕ್ಕಿದ್ದನ್ನು ಒಂದು ಪೈಸೆಯೂ ಬಿಡದೆ ಠೇವಣಿಗೆ ಸೇರಿಸಿದ್ದರೂ ಐದನೆಯ ವರ್ಷದಿಂದ ಅಸಲಿಗೆ ಕೈ ಹಾಕಲೇಬೇಕು. ಒಮ್ಮೆ ಅಸಲಿಗೆ ಕೈ ಹಾಕಿದ ಮೇಲೆ ಬಡ್ಡಿಯೂ ಕುಗ್ಗುತ್ತದೆ, ಖರ್ಚೂ ಹಿಗ್ಗುತ್ತದೆ. ಇದನ್ನು ಕೊನೆಯವರೆಗೆ ಎಳೆದು ನೋಡಿದರೆ ಇಪ್ಪತ್ತನೆಯ ವರ್ಷದಲ್ಲಿ ಆ ಒಂದು ಕೋಟಿ ಪೂರ್ತಿ ಬರಿದಾಗುತ್ತದೆ. ಆಗ ಗಂಡನಿಗೆ ಎಪ್ಪತ್ತು ಮುಟ್ಟುತ್ತಿರುತ್ತದೆ, ಹೆಂಡತಿಗೆ ಅರವತ್ತೈದು. ಮನೆಯ ಖರ್ಚು ತಿಂಗಳಿಗೆ ಒಂದೂವರೆ ಲಕ್ಷ. ಇದರಲ್ಲಿ ಮಗಳ ಮದುವೆ ಇಲ್ಲ, ಮಗನ ಕಾಲೇಜು ಇಲ್ಲ, ಆಸ್ಪತ್ರೆ ಇಲ್ಲ, ಆದಾಯ ತೆರಿಗೆ ಇಲ್ಲ, ಕಟ್ಟಡದ ರಿಪೇರಿಗೆ ಸೊಸೈಟಿಯವರು ಎತ್ತುವ ಹಣವೂ ಇಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಅಜ್ಜಿಯಂದಿರು ಹೇಳಿದ್ದು ಯಾವ ಲೆಕ್ಕಪರಿಶೋಧಕನಿಗೂ ಕಡಿಮೆಯ ಮಾತಲ್ಲ.

ಈಚೆಗೆ ತರುಣರ ಬಾಯಲ್ಲಿ ಇನ್ನೊಂದು ಮಂತ್ರ ಕೇಳಿಬರುತ್ತಿದೆ. ವರ್ಷದ ಖರ್ಚಿನ ಇಪ್ಪತ್ತೈದು ಪಟ್ಟು ಹಣ ಕೂಡಿಸಿದರೆ ಸಾಕು, ನಲವತ್ತಕ್ಕೋ ನಲವತ್ತೈದಕ್ಕೋ ಸಲಾಮು ಹೊಡೆದು ಬರಬಹುದು ಎಂಬುದು ಆ ಮಂತ್ರ. ಇದು ಎಲ್ಲಿಂದ ಬಂತು? ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಒಂದು ಲೇಖನ ಬರೆದ. ಅಮೆರಿಕದ ಶೇರು ಮತ್ತು ಬಾಂಡುಗಳ ಹಳೆಯ ದರಗಳನ್ನು ಪರಿಶೀಲಿಸಿ, ಮೊದಲ ವರ್ಷ ಗಂಟಿನ ಶೇಕಡ 4ರಷ್ಟನ್ನು ತೆಗೆದು, ಆಮೇಲೆ ಬೆಲೆ ಏರಿದಷ್ಟು ಹೆಚ್ಚಿಸುತ್ತಾ ಹೋದರೆ ಮೂವತ್ತು ವರ್ಷ ಹಣ ತೀರುವುದಿಲ್ಲವೆಂದು ತೋರಿಸಿದ. ಆತನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರ ಷರತ್ತುಗಳನ್ನು ಗಮನಿಸಿ: ಅಮೆರಿಕದ ಮಾರುಕಟ್ಟೆ, ಅರ್ಧದಷ್ಟಾದರೂ ಹಣ ಶೇರುಗಳಲ್ಲಿ, ಅವಧಿ ಮೂವತ್ತೇ ವರ್ಷ. ಅಲ್ಲಿ ಅರವತ್ತೈದು ತುಂಬಿದವರಿಗೆ ಸರಕಾರದ ವೈದ್ಯಕೀಯ ವಿಮೆ ಬೇರೆ ಇದೆ. ನಾವು ಷರತ್ತುಗಳನ್ನೆಲ್ಲ ಅಲ್ಲಿಯೇ ಬಿಟ್ಟು ಇಪ್ಪತ್ತೈದು ಎಂಬ ಅಂಕೆಯನ್ನು ಮಾತ್ರ ವಿಮಾನ ಹತ್ತಿಸಿ ತಂದೆವು.

ನಮ್ಮ ಸಂಸಾರಕ್ಕೆ ಆ ಮಂತ್ರವನ್ನು ಅನ್ವಯಿಸಿ. 6 ಲಕ್ಷದ ಇಪ್ಪತ್ತೈದು ಪಟ್ಟು ಎಂದರೆ ಒಂದೂವರೆ ಕೋಟಿ. ನಮ್ಮಲ್ಲಿ ಹೆಚ್ಚಿನವರು ಇಡುವಂತೆ ಠೇವಣಿಯಲ್ಲಿಟ್ಟರೆ, ಅದೇ 7 ಮತ್ತು 6ರ ದರದಲ್ಲಿ, ಅದು ಮೂವತ್ತು ವರ್ಷಕ್ಕೆ ಮುಗಿಯುತ್ತದೆ. ಗಂಡನಿಗೆ ಎಂಬತ್ತು. ಆತನ ಮಟ್ಟಿಗೆ ಲೆಕ್ಕ ಬಹುಶಃ ಸರಿಹೋಯಿತು. ಆದರೆ ಹೆಂಡತಿಗೆ ಆಗ ಎಪ್ಪತ್ತೈದು. ಆಕೆ ತೊಂಬತ್ತರವರೆಗೆ ಬಾಳಿದರೆ ಇನ್ನು ಹದಿನೈದು ವರ್ಷ ಏನು ಮಾಡಬೇಕು? ಈ ಪ್ರಶ್ನೆಗೆ ಯಾವ ಮಂತ್ರವಾದಿಯೂ ಉತ್ತರ ಹೇಳಿದ್ದನ್ನು ನಾನು ಕೇಳಿಲ್ಲ. ಆಕೆಯ ತೊಂಬತ್ತನ್ನು ಗುರಿಯಾಗಿಟ್ಟು, ಅಂದರೆ ನಲವತ್ತೈದು ವರ್ಷಕ್ಕೆ ಲೆಕ್ಕ ಹಾಕಿದರೆ, ಅದೇ ದರದಲ್ಲಿ ಬೇಕಾಗುವುದು ಸುಮಾರು ಎರಡು ಕೋಟಿ ಏಳು ಲಕ್ಷ. ವರ್ಷದ ಖರ್ಚಿನ ಹೆಚ್ಚುಕಡಿಮೆ ಮೂವತ್ತೈದು ಪಟ್ಟು. ಆಸ್ಪತ್ರೆಯ ಹಣ ಬೇರೆ. ಒಂದು ಕೋಟಿಗೂ ಎರಡು ಕೋಟಿಗೂ ನಡುವೆ ಇರುವ ಅಂತರದ ಹೆಸರೇನು? ಅದರ ಹೆಸರು ಹೆಂಡತಿ.

ತೊಂಬತ್ತು ಎಂಬುದು ಅತಿಯಾಯಿತೆಂದು ಹೇಳುವವರು ತಮ್ಮ ತಮ್ಮ ಮನೆತನಗಳನ್ನೊಮ್ಮೆ ನೆನೆಯಲಿ. ಎಷ್ಟು ಮನೆಗಳಲ್ಲಿ ಅಜ್ಜ ಮೊದಲು ಹೋಗಿ ಅಜ್ಜಿ ಹತ್ತು ಹದಿನೈದು ವರ್ಷ ಉಳಿದಿಲ್ಲ? ನಮ್ಮ ದೇಶದಲ್ಲಿ ಸರಾಸರಿಯಲ್ಲಿ ಹೆಂಗಸರ ಆಯುಷ್ಯ ಗಂಡಸರಿಗಿಂತ ಹೆಚ್ಚು. ಮೇಲಾಗಿ ಮದುವೆ ಮಾಡುವಾಗ ಹುಡುಗಿ ನಾಲ್ಕೈದು ವರ್ಷ ಚಿಕ್ಕವಳಿರಬೇಕೆಂದು ಜಾತಕಕ್ಕಿಂತ ಮೊದಲು ಅದನ್ನೇ ನೋಡಿದವರು ನಾವು. ಎರಡನ್ನೂ ಕೂಡಿಸಿ. ಹಣ ಕಡಿಮೆಯಾಗುತ್ತಾ ಬರುವ ಕಾಲಕ್ಕೆ ಸರಿಯಾಗಿ ಒಬ್ಬಳೇ ಉಳಿಯುವಂತೆ ಆಕೆಯ ಬಾಳನ್ನು ನಾವೇ ಏರ್ಪಡಿಸಿದ್ದೇವೆ.

"ಪೆನ್ಶನ್ ಇದೆಯಲ್ಲ" ಎನ್ನುತ್ತೀರಿ. ಇದ್ದವರು ಪುಣ್ಯವಂತರು. ಆದರೂ ಆ ಕಾಗದವನ್ನು ಹೆಂಡತಿಯ ಕಣ್ಣಿನಿಂದ ಓದಿ. ಪೂರ್ಣ ಸೇವೆ ಮಾಡಿದ ಬ್ಯಾಂಕು ನೌಕರನಿಗೆ ಬರುವುದು ಸರಾಸರಿ ವೇತನದ ಅರ್ಧ. ಸೇವೆ ಕಡಿಮೆಯಾದಂತೆ ಅದೂ ಇಳಿಯುತ್ತದೆ. ಆತನ ನಂತರ ಬರುವ ಕುಟುಂಬ ಪೆನ್ಶನ್ ಬಹುಕಾಲ ಶೇಕಡ 15, 20, 30 ಎಂಬ ಮೆಟ್ಟಿಲುಗಳಲ್ಲಿತ್ತು, ಅದಕ್ಕೆ 9,284 ರೂಪಾಯಿಯ ಮೇಲ್ಮಿತಿ ಬೇರೆ. ಅದನ್ನು ಎಲ್ಲರಿಗೂ ಶೇಕಡ 30ಕ್ಕೆ ಏರಿಸಿ ಮಿತಿಯನ್ನು ತೆಗೆದ ಘೋಷಣೆ ಆದದ್ದು 2021ರ ಆಗಸ್ಟಿನಲ್ಲಿ. ಅದುವರೆಗೆ ವಿಧವೆಯರು ಆ ಮಿತಿಯೊಳಗೇ ದಿನ ದೂಡಿದರು. ಖಾಸಗಿ ಕಂಪೆನಿಯ ನೌಕರನ ಗತಿ ಇನ್ನೂ ತೆಳು. 1995ರ ನೌಕರರ ಪೆನ್ಶನ್ ಯೋಜನೆಯಲ್ಲಿ 2014ರಲ್ಲಿ ಗೊತ್ತುಮಾಡಿದ 15 ಸಾವಿರದ ವೇತನ ಮಿತಿಯಂತೆ ಮೂವತ್ತು ವರ್ಷದ ಸೇವೆ ಹಿಡಿದರೂ ಸಾಮಾನ್ಯ ಲೆಕ್ಕದಲ್ಲಿ ಬರುವುದು ತಿಂಗಳಿಗೆ 6,428 ರೂಪಾಯಿ. ಅದೂ 58 ತುಂಬಿದ ಮೇಲೆ. ಅದಕ್ಕೆ ಮೊದಲು ಬೇಕೆಂದರೆ ವರ್ಷಕ್ಕೆ ಶೇಕಡ 4ರಂತೆ ಕಡಿತ. ಗಂಡನ ನಂತರ ಹೆಂಡತಿಗೆ ಅದರ ಅರ್ಧ, 3,214. ಇವತ್ತು ಆ ಹಣಕ್ಕೆ ಇಬ್ಬರ ಮನೆಯ ತಿಂಗಳ ದಿನಸಿಯೂ ಸರಿಯಾಗಿ ಬಾರದು. ಕೇಂದ್ರ ಸರಕಾರ 2025ರ ಏಪ್ರಿಲಿನಲ್ಲಿ ತಂದ ಏಕೀಕೃತ ಪೆನ್ಶನ್ ಯೋಜನೆಯ ನಿಯಮ ನೋಡಿ: ಇಪ್ಪತ್ತೈದು ವರ್ಷ ದುಡಿದು ತಾನಾಗಿ ಬಿಟ್ಟವನಿಗೂ ಪೆನ್ಶನ್ ಆರಂಭವಾಗುವುದು ಆತ ಸಹಜವಾಗಿ ನಿವೃತ್ತನಾಗಬೇಕಿದ್ದ ದಿನದಿಂದ. ಸರಕಾರಕ್ಕೆ ಲೆಕ್ಕ ಬರುತ್ತದೆ. ಬಾರದಿರುವುದು ನಮಗೆ.

ಹಿರಿಯ ನಾಗರಿಕರಿಗೆಂದು 2004ರಲ್ಲಿ ಬಂದ ಉಳಿತಾಯ ಯೋಜನೆಯ ಬಾಗಿಲೂ ಐವತ್ತಕ್ಕೆ ಬಿಟ್ಟವನಿಗೆ ತೆರೆಯದು. ಅರವತ್ತು ಆಗಬೇಕು, ನಿವೃತ್ತಿ ಪಡೆದು ಬಂದವನಾದರೂ ಐವತ್ತೈದು ತುಂಬಿರಬೇಕು. ಕಾಯಿಲೆಯ ವಿಷಯವೂ ಹಾಗೆಯೇ. ಕಂಪೆನಿಯ ಗುಂಪು ವಿಮೆ ಸಾಮಾನ್ಯವಾಗಿ ನೌಕರಿಯ ಜೊತೆಗೇ ಮುಗಿಯುತ್ತದೆ. ಹೊಸದಾಗಿ ವಿಮೆ ಮಾಡಿಸಹೋದರೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ಎಪ್ಪತ್ತು ತುಂಬಿದ ಎಲ್ಲರಿಗೂ ವಿಸ್ತರಿಸಿದ್ದು ಒಳ್ಳೆಯ ಕೆಲಸ. ಆದರೆ ನಮ್ಮ ಸಂಸಾರದ ಹೆಂಡತಿಗೆ ಎಪ್ಪತ್ತಾಗಲು ಇನ್ನೂ ಇಪ್ಪತ್ತೈದು ವರ್ಷ ಇದೆ. ಆ ಇಪ್ಪತ್ತೈದು ವರ್ಷ ಆಕೆ ಕಾಯಿಲೆ ಬೀಳಕೂಡದೆಂದು ಯಾವ ದೇವರಿಗೆ ಹರಕೆ ಹೊರೋಣ?

ಇಷ್ಟು ಹೇಳಿದಾಗ ನಮ್ಮವರು ಕೊನೆಯ ಅಸ್ತ್ರ ತೆಗೆಯುತ್ತಾರೆ: "ಊರಿಗೆ ಹೋಗಿ ಇದ್ದುಬಿಡುತ್ತೇವೆ." ಊರು! ಮತ್ಸ್ಯಗಂಧ ಗಾಡಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಖರ್ಚೆಲ್ಲ ಅರ್ಧವಾಗಿಬಿಡುತ್ತದೆಂಬ ನಂಬಿಕೆ. ರಜೆಯಲ್ಲಿ ಹದಿನೈದು ದಿನ ಅಣ್ಣನ ಮನೆಯಲ್ಲಿ ಉಂಡು ಬಂದವನಿಗೆ ಊರು ಅಗ್ಗವೆನಿಸುವುದು ಸಹಜ. ಆ ಊಟದ ಖರ್ಚು ಅಣ್ಣನದಲ್ಲವೇ? ಇದ್ದುಬಿಡುವುದೆಂದರೆ ಬೇರೆ. ಹಂಚಿನ ಮನೆ ವರ್ಷವರ್ಷ ರಿಪೇರಿ ಕೇಳುತ್ತದೆ. ತೆಂಗಿನಕಾಯಿ ಕೀಳಲು ಆಳು ಸಿಗುವುದಿಲ್ಲ. ಮನೆಯಿಂದ ಆಸ್ಪತ್ರೆಗೆ ಹೋಗಬೇಕಾದರೆ ರಿಕ್ಷಾ ಗೊತ್ತುಮಾಡಬೇಕು. ಅದಕ್ಕಿಂತ ದೊಡ್ಡ ಪ್ರಶ್ನೆ: ಆ ಮನೆ ಯಾರದು? ಅಳಿಯಸಂತಾನದ ಕುಟುಂಬಗಳಲ್ಲಿ ಮೂಲಮನೆ ಹೆಣ್ಣಿನ ಕಡೆಯ ಸಂತತಿಗೆ ಸೇರಿದ್ದು. ಅಲ್ಲಿಗೆ ಗಂಡನ ಬೆನ್ನುಹಿಡಿದು ಹೋದ ಹೆಂಡತಿ, ಆತ ತೀರಿಕೊಂಡ ಮೇಲೆ ಯಾವ ಹಕ್ಕಿನಿಂದ ಅಲ್ಲಿರಬೇಕು? ಮಕ್ಕಳಸಂತಾನದವರಲ್ಲಿಯಾದರೂ ನಾಲ್ಕು ಅಣ್ಣತಮ್ಮಂದಿರ ಪಾಲಾಗದ ಮನೆಯಲ್ಲಿ ವಿಧವೆಯ ಕೋಣೆ ಯಾವುದು? ಇಪ್ಪತ್ತರ ಪ್ರಾಯದಲ್ಲಿ ಮದುವೆಯಾಗಿ ಈ ನಗರಕ್ಕೆ ಬಂದವಳ ಗೆಳತಿಯರು, ಡಾಕ್ಟರು, ಭಜನಾ ಮಂಡಳಿ, ತರಕಾರಿಯವಳು ಎಲ್ಲರೂ ಇಲ್ಲಿಯೇ ಇದ್ದಾರೆ. ಗಂಡ ಬಾಲ್ಯದ ಊರಿಗೆ ಹಿಂದಿರುಗುತ್ತಾನೆ. ಹೆಂಡತಿ ಎರಡನೆಯ ಬಾರಿ ಹೊಸ ಮನೆಗೆ ಸೊಸೆಯಾಗಿ ಹೋಗುತ್ತಾಳೆ.

ಇದೆಲ್ಲ ದುಡಿಯದ ಹೆಂಡತಿಯ ಮಾತಾಯಿತು, ಈಗ ಇಬ್ಬರೂ ದುಡಿಯುತ್ತಾರಲ್ಲ ಎಂಬ ಆಕ್ಷೇಪ ಬರಬಹುದು. ಮೊದಲು ಆ ಶಬ್ದವನ್ನು ತಿದ್ದೋಣ. ದುಡಿಯದ ಹೆಂಡತಿ ಎಂಬವಳು ನಮ್ಮಲ್ಲಿ ಇಲ್ಲ. ಸಂಬಳವಿಲ್ಲದ ಹೆಂಡತಿ ಇದ್ದಾಳೆ. ಗಂಡ ನಿವೃತ್ತನಾದ ದಿನ ಆಕೆಯ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹನ್ನೊಂದು ಗಂಟೆಗೆ ಇನ್ನೊಂದು ಚಹಾ, ಮಧ್ಯಾಹ್ನ ಬಿಸಿ ಅನ್ನ, ಸಂಜೆ ಬರುವ ಗೆಳೆಯರಿಗೆ ಅವಲಕ್ಕಿ. ಇನ್ನು ಸಂಬಳ ತರುವ ಹೆಂಡತಿ ಇದ್ದ ಮನೆಯಲ್ಲಿ ಗಂಡನ ಬೇಗದ ನಿವೃತ್ತಿ ನಿಂತಿರುವುದೇ ಆಕೆ ನಿವೃತ್ತಳಾಗಬಾರದೆಂಬ ಒಪ್ಪಂದದ ಮೇಲೆ. ಆ ಒಪ್ಪಂದಕ್ಕೆ ಆಕೆಯ ಸಹಿ ಯಾರೂ ಕೇಳಿರುವುದಿಲ್ಲ. ಆಕೆಯೂ ಅದೇ ಲೋಕಲ್ ಗಾಡಿಯಲ್ಲಿ, ಹೆಂಗಸರ ಡಬ್ಬದಲ್ಲಿ, ದಾರಿಯಲ್ಲಿಯೇ ಬಟಾಣಿ ಸುಲಿಯುತ್ತಾ ಹೋಗಿಬಂದವಳಲ್ಲವೇ? ಆಕೆಯ ಸೊಂಟವೇನು ಕಬ್ಬಿಣದ್ದೇ?

"ಹಾಗಾದರೆ ಗಂಡಸು ಸಾಯುವವರೆಗೆ ಗಾಣದೆತ್ತೇ?" ಎಂದು ಸಿಟ್ಟಾಗುವವರಿಗೆ ಉತ್ತರ ಹೇಳಬೇಕು. ಅಲ್ಲ. ದೇಹ ಕೆಟ್ಟವನು ಬಿಡಲೇಬೇಕು. ಸತ್ತ ಗಂಡನ ಸಂಬಳ ಯಾರಿಗೂ ಬೇಡ. ಅವಮಾನ ಸಹಿಸಲಾಗದವನೂ ಬಿಡಲಿ. ಆದರೆ ಒಂದು ನೌಕರಿ ಬಿಡುವುದೂ ಸಂಪಾದನೆಯನ್ನೇ ಬಿಡುವುದೂ ಒಂದಲ್ಲ. ಅರ್ಧ ಸಂಬಳದ ಹಗುರ ಕೆಲಸ, ಯಾವುದಾದರೂ ಸೊಸೈಟಿಯ ಲೆಕ್ಕಪತ್ರ, ಮಕ್ಕಳಿಗೆ ಪಾಠ, ಇವುಗಳಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ. ತಿಂಗಳಿಗೆ ಇಪ್ಪತ್ತು ಸಾವಿರ ಬಂದರೂ ಗಂಟಿನ ಆಯುಷ್ಯ ಎಷ್ಟೋ ವರ್ಷ ಬೆಳೆಯುತ್ತದೆ. ಇನ್ನೂ ಕೆಲವು ವರ್ಷ ದುಡಿದರೆ ಮೂರು ಲಾಭ: ಗಂಟಿಗೆ ಹೊಸ ಹಣ ಸೇರುತ್ತದೆ, ಇದ್ದ ಹಣ ಬೆಳೆಯುತ್ತದೆ, ಅದನ್ನು ತಿನ್ನುವ ವರ್ಷಗಳು ಕಡಿಮೆಯಾಗುತ್ತವೆ. "ಮಕ್ಕಳು ನೋಡಿಕೊಳ್ಳುತ್ತಾರೆ" ಎನ್ನುವವರಿಗೂ ಒಂದು ಮಾತು. ನೋಡಿಕೊಳ್ಳಲಿ, ನೋಡಿಕೊಳ್ಳುವ ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಐವತ್ತರಲ್ಲಿ ತಂದೆ ಪಡೆದ ಬಿಡುವಿನ ಸಾಲವನ್ನು ಎಪ್ಪತ್ತರ ತಾಯಿ ಸೊಸೆಯ ಮುಂದೆ ಕೈಚಾಚಿ ತೀರಿಸುವುದು ನ್ಯಾಯವೇ?

ಆದ್ದರಿಂದ ಬಿಡಬೇಕೆಂದಿರುವವರಿಗೆ ನಾನು ಹೇಳುವ ಪರೀಕ್ಷೆ ಸರಳ. ಮೊದಲನೆಯದಾಗಿ, ಒಂದು ವರ್ಷದ ಮನೆಖರ್ಚಿನ ಲೆಕ್ಕವನ್ನು ಹೆಂಡತಿ ಬರೆಯಲಿ. ಮದುವೆ ಮುಂಜಿಯ ಉಡುಗೊರೆ, ಹಬ್ಬದ ಸೀರೆ, ಊರಿನ ಪೂಜೆಯ ವಂತಿಗೆ ಎಲ್ಲ ಅದರಲ್ಲಿ ಇರಲಿ. ಗಂಡಸರ ಚೀಟಿಯಲ್ಲಿ ಇವು ಇರುವುದಿಲ್ಲ. ಎರಡನೆಯದಾಗಿ, ಆ ಖರ್ಚನ್ನು ಆಕೆಯ ತೊಂಬತ್ತನೆಯ ವರ್ಷದವರೆಗೆ ಶೇಕಡ 6ರಂತೆ ಬೆಳೆಸಿ ನೋಡಿ. ಮೂರನೆಯದಾಗಿ, ಆಸ್ಪತ್ರೆಯ ಹಣವನ್ನೂ ಮಕ್ಕಳ ಹಣವನ್ನೂ ಗಂಟಿನಿಂದ ಮೊದಲೇ ಬೇರೆ ತೆಗೆದಿಡಿ. ಇರುವ ಮನೆಯ ಬೆಲೆಯನ್ನು ಗಂಟಿಗೆ ಸೇರಿಸಬೇಡಿ, ಗೋಡೆಯನ್ನು ಬೇಯಿಸಿ ಉಣ್ಣಲಾಗದು. ನಾಲ್ಕನೆಯದಾಗಿ, ರಾಜೀನಾಮೆ ಕೊಡುವ ಮೊದಲು ಪೂರ್ತಿ ಒಂದು ವರ್ಷ, ನಿವೃತ್ತಿಯ ನಂತರ ಬರುವಷ್ಟೇ ಹಣದಲ್ಲಿ ಸಂಸಾರ ನಡೆಸಿ, ಉಳಿದ ಸಂಬಳ ಮುಟ್ಟದೆ ಇಡಿ. ಆ ವರ್ಷ ದಾಟಿದರೆ ಧೈರ್ಯವಾಗಿ ಬಿಡಿ. ಆರನೆಯ ತಿಂಗಳಿಗೇ ಕೈ ಗಂಟಿನ ಕಡೆಗೆ ಹೋದರೆ ಉತ್ತರ ಸಿಕ್ಕಿತು. ಕೊನೆಯದಾಗಿ, ಎಲ್ಲ ಠೇವಣಿ, ಮನೆ, ವಿಮೆಗಳ ಕಾಗದ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಆಕೆಗೆ ಗೊತ್ತಿರಲಿ, ಆಕೆಯ ಹೆಸರೂ ಅದರಲ್ಲಿರಲಿ. ಆಮೇಲೆ ಆಕೆ "ಬಿಡಿ" ಎಂದರೆ ಬಿಡಿ. ಆ ಮಾತು ಆಕೆಯ ಬಾಯಿಂದ ಬರಬೇಕು.

ನಮ್ಮ ಸಂಘ ಸಂಸ್ಥೆಗಳನ್ನೂ ನಾನು ಬಿಡುವುದಿಲ್ಲ. ಬೇಗನೆ ನಿವೃತ್ತರಾದವರು ನಮಗೆ ಬೇಕು. ಸಭಾಗೃಹದ ಬೀಗ ತೆಗೆಯಲು, ನಾಟಕದ ಟಿಕೇಟು ಮಾರಲು, ರಾಜ್ಯೋತ್ಸವಕ್ಕೆ ಜಾಹೀರಾತು ತರಲು ಹಗಲು ಬಿಡುವಿರುವ ಜನ ಬೇಕು. ಅದಕ್ಕೇ ಐವತ್ತೆರಡಕ್ಕೆ ನೌಕರಿ ಬಿಟ್ಟವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಇನ್ನು ಇವರ ಸೇವೆ ಪೂರ್ಣವಾಗಿ ಕನ್ನಡಕ್ಕೆ ಎಂದು ಚಪ್ಪಾಳೆ ತಟ್ಟುತ್ತೇವೆ. ಅವರ ಪಕ್ಕದಲ್ಲಿ ಕೂತ ಹೆಂಗಸಿನ ಕೈಗೆ ಒಂದು ಹೂಗುಚ್ಛ ಕೊಡುತ್ತೇವೆ. ಆ ಸೇವೆಯ ಖರ್ಚು ಯಾರ ಮುಪ್ಪಿನಿಂದ ಬರುತ್ತದೆಂದು ನಾವು ಕೇಳಿದ್ದೇವೆಯೇ? ನಿವೃತ್ತಿ ಮತ್ತು ಹೂಡಿಕೆಯ ಬಗ್ಗೆ ಉಪನ್ಯಾಸ ಇಡಿಸಿದಾಗಲೂ ಬರುವವರು ಏನಾದರೊಂದನ್ನು ಮಾರಲು ಬಂದ ಏಜೆಂಟರು, ಕೇಳುವವರು ಗಂಡಸರು. ಮುಂದಿನ ಸಲ ಹಾಗೆ ಬೇಡ. ನಿವೃತ್ತ ಬ್ಯಾಂಕು ನೌಕರರು, ಲೆಕ್ಕ ಬಲ್ಲವರು, ನಮ್ಮಲ್ಲಿಯೇ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಭಾನುವಾರ ಸಂಜೆ ದಂಪತಿಗಳನ್ನು ಮಾತ್ರ ಕರೆಯೋಣ. ಒಬ್ಬರೇ ಬಂದವರಿಗೆ ಪ್ರವೇಶವಿಲ್ಲ. ಇಬ್ಬರ ಮುಂದೆಯೂ ಒಂದೊಂದು ಕಾಗದ, ಒಂದೊಂದು ಪೆನ್ಸಿಲು ಇಟ್ಟು, ಬೇರೆಬೇರೆ ಕೂರಿಸಿ, ಒಂದೇ ಪ್ರಶ್ನೆ ಕೇಳೋಣ: ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಕು? ಎರಡು ಕಾಗದಗಳಲ್ಲಿ ಎರಡು ಬೇರೆ ಅಂಕೆ ಬಂದ ಮನೆಯವರು ಆ ವರ್ಷ ರಾಜೀನಾಮೆ ಬರೆಯುವುದು ಬೇಡ.